ಅಂಗಳದ ಕಾಂಕ್ರೀಟ್‌ಗೆ ನೀರು ಎಷ್ಟು, ಯಾವಾಗ? ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಮುಗೀತು, ಅಡಿಕೆ ಕೊಯ್ಲು ಶುರುವಾಯ್ತು ಅಂದ್ರೆ ಈ ಕಾಲಂಗೆ ಬರೋ ಪತ್ರಗಳಲ್ಲಿ ಅರ್ಧಕ್ಕರ್ಧ ಅಂಗಳದ ಕಾಂಕ್ರೀಟ್ ಬಗ್ಗೆನೇ ಇರುತ್ತೆ. ಈ ಸಲನೂ ಹಾಗೇ ಆಗಿದೆ, ಹಾಗಾಗಿ ಗೋಡೆ ಸೋರೋದು, ಬಣ್ಣ ಕಿತ್ತು ಬರೋದು ಎಲ್ಲ ಮುಂದಿನ ತಿಂಗಳಿಗೆ ಇಟ್ಕೊಂಡು ಇವತ್ತು ಬರೀ ಕಾಂಕ್ರೀಟ್. ತಾರಸಿದಲ್ಲ, ನೆಲದ ಮೇಲೆ ಬಿಸಿಲು ಮಳೆಗೆ ಬಿದ್ಕೊಂಡಿರುತ್ತಲ್ಲ, ಅದು.

ಪ್ರಶ್ನೆ: ಸಾರ್, ತೀರ್ಥಹಳ್ಳಿ ಕಡೆ ನಮ್ದು ಸಣ್ಣ ಅಡಿಕೆ ತೋಟ. ಹೋದ ವರ್ಷ ಮನೆ ಮುಂದೆ 30 ಅಡಿಗೆ 20 ಅಡಿ ಕಾಂಕ್ರೀಟ್ ಅಂಗಳ ಮಾಡಿಸಿದ್ವಿ. ಮೇಸ್ತ್ರಿ ಮೇಲೆ ಎರಡು ಚೀಲ ಸಿಮೆಂಟ್ ಎರಚಿ ಕನ್ನಡಿ ತರ ತಿಕ್ಕಿಕೊಟ್ಟಿದ್ರು, ನೋಡೋಕೆ ಭಾರಿ ಚೆನ್ನಾಗಿತ್ತು. ಈಗ ಗುಡಿಸಿದಷ್ಟೂ ಬಿಳಿ ಪುಡಿ ಏಳುತ್ತೆ, ಚೊಗರು ಹಾಕಿದ ಅಡಿಕೆಗೆ ಅಂಟ್ಕೊಳ್ಳುತ್ತೆ, ಮೇಲೆಲ್ಲ ಜೇಡರ ಬಲೆ ತರ ಸಣ್ಣ ಸಣ್ಣ ಬಿರುಕು. ಈ ವರ್ಷ ಪಕ್ಕದಲ್ಲೇ 40ಕ್ಕೆ 30 ಅಡಿ ಇನ್ನೊಂದು ಹಾಕಿಸಬೇಕು, ಅದೇ ತಪ್ಪು ಆಗಬಾರದು. ಸಿಮೆಂಟ್ ಕಮ್ಮಿ ಹಾಕಿದ್ರಾ?

ಉತ್ತರ: ಸಿಮೆಂಟ್ ಕಮ್ಮಿ ಆಗಿದ್ದಲ್ಲ ಸಾರ್, ಕಲಸುವಾಗ ನೀರು ಜಾಸ್ತಿ ಆಗಿದೆ, ಹಾಕಿದ ಮೇಲೆ ನೀರು ಕಮ್ಮಿ ಆಗಿದೆ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಅಂಗಳ ಹಾಳಾಗೋದು ಹೀಗೇ ಅಂತ ನನ್ನ ಅನಿಸಿಕೆ, ಲೆಕ್ಕ ಹಾಕಿ ಹೇಳ್ತಿಲ್ಲ, ಕಂಡಿದ್ದು ಹೇಳ್ತಿದೀನಿ.

ಆ ಎರಡು ಚೀಲ ಸಿಮೆಂಟ್ ಯಾಕೆ ಎರಚಿದ್ರು ಗೊತ್ತಾ? ಕಾಂಕ್ರೀಟ್ ಹಾಕಿ ಮಟ್ಟ ಮಾಡಿದ ಮೇಲೆ ಸ್ವಲ್ಪ ಹೊತ್ತಿಗೆ ಜಲ್ಲಿ ಮರಳು ಕೆಳಗೆ ಕೂತು ನೀರು ಮೇಲೆ ಬರುತ್ತೆ, ಮೊದಲೇ ನೀರು ಜಾಸ್ತಿ ಇದ್ರೆ ಕೆರೆ ತರ ನಿಲ್ಲುತ್ತೆ. ಅದು ತಾನಾಗೇ ಆರೋ ತನಕ ಕಾಯ್ಬೇಕು, ಒಂದು ಗಂಟೆ ಆಗಬಹುದು, ಚಳಿಗಾಲದ ಮೋಡ ಇದ್ರೆ ಮೂರು ಗಂಟೆನೂ ಆಗಬಹುದು. ಮೇಸ್ತ್ರಿಗೆ ಸಂಜೆ ಬಸ್ಸು ಹಿಡೀಬೇಕು. ಹಾಗಾಗಿ ಒಣ ಸಿಮೆಂಟ್ ಎರಚಿ ಆ ನೀರು ಹೀರಿಸಿ ಕರಣೆಯಿಂದ ತಿಕ್ಕಿಬಿಡ್ತಾರೆ. ಆಗ ಮೇಲಿನ ಒಂದೆರಡು ಎಂಎಂ ಬರೀ ಸಿಮೆಂಟ್ ಕೆನೆ ಆಗುತ್ತೆ, ಒಳಗಿನ ಕಾಂಕ್ರೀಟ್‌ಗೂ ಅದಕ್ಕೂ ಸಂಬಂಧ ಇರಲ್ಲ, ಬೇಗ ಒಣಗಿ ಕುಗ್ಗುತ್ತೆ, ಕುಗ್ಗಿದ್ದು ಜೇಡರ ಬಲೆ ತರ ಸೀಳುತ್ತೆ, ಆಮೇಲೆ ಪೊರಕೆಗೆ ಪುಡಿ ಪುಡಿಯಾಗಿ ಬರುತ್ತೆ. ಕನ್ನಡಿ ತರ ಹೊಳೆಯೋ ಹೊರಗಿನ ನೆಲ ನೋಡಿದ್ರೆ ನಂಗೆ ಈಗ್ಲೂ ಹೆದರಿಕೆ.

ಹೊಸದರ ವಿಷಯಕ್ಕೆ ಬರೋಣ. ಒಂದು ಚೀಲ ಸಿಮೆಂಟ್ 50 ಕೆಜಿ, ಅದರ ಜೊತೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗೋಕೆ ಬೇಕಾಗಿರೋ ನೀರು ಅದರ ತೂಕದ ಕಾಲು ಭಾಗದಷ್ಟೇ, ಅಂದ್ರೆ 12-13 ಲೀಟರ್. ಮಿಕ್ಕಿದ್ದೆಲ್ಲ ಬರೀ ಕಲಸೋಕೆ, ಹರಡೋಕೆ ಅನುಕೂಲ ಆಗಲಿ ಅಂತ ಹಾಕೋದು, ಅದು ಆಮೇಲೆ ಆವಿಯಾಗಿ ಹೋಗಿ ಅದಿದ್ದ ಜಾಗ ಸಣ್ಣ ತೂತಾಗಿ ಉಳಿಯುತ್ತೆ. ಮಲೆನಾಡಿನ ಮಳೆ ಇಳಿಯೋದೂ, ಪಾಚಿ ಬೇರು ಬಿಡೋದೂ ಆ ತೂತುಗಳಲ್ಲೇ. ಐಎಸ್ 456 ಅಂತ ಕಾಂಕ್ರೀಟ್‌ಗೆ ನಮ್ಮ ದೇಶದ ನಿಯಮಾವಳಿ ಇದೆ, 2000ನೇ ಇಸವಿಯದ್ದು, ಅದರ ಪ್ರಕಾರ ಎಂ20 ಅನ್ನೋ ದರ್ಜೆಯ ಕಾಂಕ್ರೀಟ್‌ಗೆ ಚೀಲಕ್ಕೆ ಹೆಚ್ಚಂದ್ರೆ 30 ಲೀಟರ್. 20 ಲೀಟರಿನ ಪೇಂಟ್ ಬಕೆಟ್ ಎಲ್ಲರ ಮನೇಲೂ ಇರುತ್ತೆ, ಅದರಲ್ಲಿ ಒಂದೂವರೆ ಬಕೆಟ್ ಆಯ್ತು, ನೀವು ಒಂದೂಕಾಲಕ್ಕೆ ನಿಲ್ಲಿಸೋಕೆ ನೋಡಿ. ಪೈಪ್ ಹಿಡಿದು ಅಂದಾಜಲ್ಲಿ ಬಿಡೋಕೆ ಮಾತ್ರ ಬಿಡ್ಬೇಡಿ, ಪೈಪನ್ನ ಮಿಕ್ಸರ್ ಹತ್ರನೇ ಇಡ್ಬೇಡಿ. ಇನ್ನೊಂದು ಮೋಸ ಇದೆ, ಹಿಂದಿನ ರಾತ್ರಿ ಮಳೆ ಬಂದು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ರಾಶಿ ನೆನೆದಿದ್ರೆ ಆ ಮರಳಲ್ಲೇ ಒಂದು ಚೀಲದ ಲೆಕ್ಕಕ್ಕೆ ನಾಲ್ಕರಿಂದ ಆರು ಲೀಟರ್ ನೀರು ಕೂತಿರುತ್ತೆ, ಅಷ್ಟನ್ನ ಬಕೆಟ್‌ನಿಂದ ಕಳೀಬೇಕು. ಹದ ಹೇಗಿರ್ಬೇಕು ಅಂದ್ರೆ ಉಪ್ಪಿಟ್ಟಿಗಿಂತ ಸಡಿಲ, ಬಿಸಿಬೇಳೆಬಾತ್‌ಗಿಂತ ಗಟ್ಟಿ. ಬಾಂಡ್ಲಿಯಿಂದ ಸುರಿದ್ರೆ ಗುಡ್ಡೆಯಾಗಿ ನಿಂತು ಆಮೇಲೆ ನಿಧಾನಕ್ಕೆ ಕೂರ್ಬೇಕು. ಗಂಜಿ ತರ ಹರಿದು ಹಲಗೆ ಸಂದಿಯಿಂದ ಸಿಮೆಂಟ್ ಹಾಲು ಸೋರ್ತಾ ಇದ್ರೆ ಕೆಲಸ ನಿಲ್ಲಿಸಿ, ಮೇಸ್ತ್ರಿ ಮುಖ ಊದಿಸಿದ್ರೂ ಪರವಾಗಿಲ್ಲ.

ಅಳತೆಗೆ ಬಾಂಡ್ಲಿ ಲೆಕ್ಕ ನಂಬಬೇಡಿ, ಬೆಳಗ್ಗೆ ತುಂಬಿದ ಬಾಂಡ್ಲಿ ಬೇರೆ, ಊಟ ಆದ್ಮೇಲೆ ತುಂಬಿದ ಬಾಂಡ್ಲಿ ಬೇರೆ. ಒಂದಡಿ ಉದ್ದ, ಒಂದಡಿ ಅಗಲ, 15 ಇಂಚು ಎತ್ತರದ ಹಲಗೆ ಡಬ್ಬ ಮಾಡಿಸಿ, ಅದು ಸರಿಯಾಗಿ ಒಂದು ಚೀಲ ಸಿಮೆಂಟಿನ ಗಾತ್ರ. ಚೀಲಕ್ಕೆ ಒಂದೂವರೆ ಡಬ್ಬ ಮರಳು, ಮೂರು ಡಬ್ಬ ಮುಕ್ಕಾಲಿಂಚು ಜಲ್ಲಿ. ಜಲ್ಲಿಲಿ ಮೂರನೇ ಒಂದು ಭಾಗ ಅರ್ಧ ಇಂಚಿನದು ಬೆರೆಸಿದ್ರೆ ಇನ್ನೂ ಒಳ್ಳೇದು, ಸಂದಿ ತುಂಬುತ್ತೆ. ಪ್ಲಾಸ್ಟರಿಂಗ್‌ಗೆ ಅಂತ ಬರೋ ಪಿ ಸ್ಯಾಂಡ್ ಬೇಡ, ಅದು ತೀರಾ ನುಣುಪು, ನೀರು ಕುಡಿಯುತ್ತೆ.

40ಕ್ಕೆ 30ನ್ನ ಒಂದೇ ದಿನ ಹಾಕ್ತೀವಿ ಅಂತ ಹೊರಡಬೇಡಿ. ನಾಲ್ಕು ಇಂಚು ದಪ್ಪಕ್ಕೆ ಅದು 400 ಘನ ಅಡಿ, ಹತ್ರ ಹತ್ರ 91 ಚೀಲ. ಅದರ ಬದಲು 10ಕ್ಕೆ 10 ಅಡಿಯ ಹನ್ನೆರಡು ಚೌಕ ಮಾಡ್ಕೊಳ್ಳಿ, ಒಂದು ಚೌಕಕ್ಕೆ ಏಳೂವರೆ ಚೀಲ ಹಿಡಿಯುತ್ತೆ, ದಿನಕ್ಕೆ ನಾಲ್ಕು ಚೌಕ, ಚದುರಂಗದ ಮನೆ ತರ ಒಂದು ಬಿಟ್ಟು ಒಂದು. ಮೂರ್ನಾಲ್ಕು ದಿನ ಬಿಟ್ಟು ಮಧ್ಯದವು. ಕಾಂಕ್ರೀಟ್ ಒಣಗ್ತಾ ಕುಗ್ಗೇ ಕುಗ್ಗುತ್ತೆ, ಅದನ್ನ ಯಾವ ಮೇಸ್ತ್ರಿನೂ ತಡೆಯೋಕಾಗಲ್ಲ, ಬಿರುಕು ಎಲ್ಲಿ ಬರ್ಬೇಕು ಅಂತ ನಾವು ಹೇಳಬಹುದು ಅಷ್ಟೇ. ನಾಲ್ಕಿಂಚು ದಪ್ಪ ಇದ್ರೆ ಎಂಟು ಹತ್ತು ಅಡಿಗೊಂದು ಸಂದು ಬೇಕು. ಒಟ್ಟಿಗೆ ಹಾಕಿದ್ರೆ ಮಾರನೇ ದಿನ ಬೆಳಗ್ಗೆನೇ ಕಟಿಂಗ್ ಮಷಿನ್ ತರಿಸಿ ಒಂದಿಂಚು ಆಳ ಗೆರೆ ಕೊಯ್ಸಿ, ಮೂರು ದಿನ ಬಿಟ್ಟು ಕೊಯ್ದ್ರೆ ಅಷ್ಟೊತ್ತಿಗೆ ಬಿರುಕು ಬೇರೆ ದಾರಿ ಹಿಡಿದಿರುತ್ತೆ.

ಇಳಿಜಾರು ಐದಡಿಗೆ ಒಂದಿಂಚು ಸಾಕು. ಅಂಗಳದ ಸುತ್ತ ಅಂಚನ್ನ ಮಾತ್ರ ಎಂಟಿಂಚು ಆಳಕ್ಕೆ ಇಳಿಸಿ, ನಿಮ್ಮ ಕಡೆ ಜೂನ್ ಜುಲೈ ಮಳೆಗೆ ಸೂರಿನ ನೀರು ಬಿದ್ದು ಬಿದ್ದು ಅಂಚಿನ ಕೆಳಗಿನ ಮಣ್ಣು ಕೊರೆದು ಹೋಗುತ್ತೆ, ಆಮೇಲೆ ಪಿಕಪ್ ಗಾಡಿ ತಿರುಗಿಸುವಾಗ ಟಪ್ ಅಂತ ಮೂಲೆ ಮುರಿಯುತ್ತೆ.

ಈಗ ಮುಖ್ಯದ್ದು, ಕ್ಯೂರಿಂಗ್, ಅಂದ್ರೆ ಹಾಕಿದ ಕಾಂಕ್ರೀಟನ್ನ ಒದ್ದೆಯಾಗಿ ಇಡೋದು. ಅಂಗಡೀಲಿ ಈಗ ಹೆಚ್ಚಾಗಿ ಸಿಗೋದು ಪಿಪಿಸಿ ಸಿಮೆಂಟ್, ಬೂದಿ ಬೆರೆಸಿದ್ದು, ಒಳ್ಳೇದೇ, ಆದ್ರೆ ನಿಧಾನ. ಕಮ್ಮಿ ಅಂದ್ರೂ ಹತ್ತು ದಿನ, ನನ್ನ ಕೇಳಿದ್ರೆ ಹದಿನಾಲ್ಕು ದಿನ ಒದ್ದೆ ಇರಲೇಬೇಕು. ಇಳಿಜಾರಲ್ಲಿ ಕಟ್ಟೆ ಕಟ್ಟಿದ್ರೆ ನೀರು ನಿಲ್ಲಲ್ಲ, ಗೋಣಿಚೀಲ ಹಾಸಿ, ಗೋಣಿ ಸಾಲದಿದ್ರೆ ನಿಮ್ಮನೇಲಿ ಅಡಿಕೆ ಸೋಗೆಗೇನು ಬರ, ದಪ್ಪಗೆ ಹಾಸಿ ದಿನಕ್ಕೆ ಮೂರು ಸಲ ನೆನೆಸಿ. ಸೋಗೆ ಕಲೆ ಬೀಳುತ್ತೆ, ಬೀಳಲಿ. ನಮ್ಮನೆ ಕಾರ್ ನಿಲ್ಲಿಸೋ ಜಾಗಕ್ಕೆ ಕಾಂಕ್ರೀಟ್ ಹಾಕಿದ ಮೂರನೇ ದಿನ ನೆಂಟರ ಮದುವೆ ಅಂತ ಬೀಗ ಹಾಕ್ಕೊಂಡು ಹೋಗಿದ್ವಿ, ಐದು ದಿನ ಯಾರೂ ನೀರು ಹಾಕಿಲ್ಲ. ಇವತ್ತಿಗೂ ಬಿಸಿಲು ಬೀಳೋ ಭಾಗದಲ್ಲಿ ಅಂಗೈ ಉಜ್ಜಿದ್ರೆ ಬೆಳ್ಳಗಾಗುತ್ತೆ, ಟ್ಯಾಂಕಿನ ನೀರು ತೊಟ್ಟಿಕ್ತಾ ಇದ್ದ ಒಂದು ಮೂಲೆ ಮಾತ್ರ ಕಲ್ಲು. ಅದೇ ಸಿಮೆಂಟ್, ಅದೇ ಜಲ್ಲಿ, ಅದೇ ಜನ ಹಾಕಿದ್ದು.

ಹಳೇ ಅಂಗಳಕ್ಕೆ ಏನ್ಮಾಡೋದು ಅಂತ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಒಂದು ಮೊಳೆ ತಗೊಂಡು ಗೀಚಿ ನೋಡಿ. ಬರೀ ಮೇಲೆ ಗೆರೆ ಬಿದ್ರೆ ಸೋಡಿಯಂ ಸಿಲಿಕೇಟ್ ಇರೋ ಫ್ಲೋರ್ ಹಾರ್ಡ್ನರ್ ಸಿಗುತ್ತೆ, ಚೆನ್ನಾಗಿ ತೊಳೆದು ಒಣಗಿಸಿ ಎರಡು ಮೂರು ಕೋಟ್ ಕೊಡಿ, ಪುಡಿ ಏಳೋದು ಎಷ್ಟೋ ಕಮ್ಮಿ ಆಗುತ್ತೆ. ಮೊಳೆ ಎರಡು ಮೂರು ಎಂಎಂ ಒಳಗೇ ಹೋದ್ರೆ ಹಾರ್ಡ್ನರ್‌ಗೆ ದುಡ್ಡು ಹಾಕ್ಬೇಡಿ, ಈ ಸಲಕ್ಕೆ ಟಾರ್ಪಾಲ್ ಹಾಸಿ ಅಡಿಕೆ ಒಣಗಿಸಿ, ಮುಂದೆ ಅದರ ಮೇಲೇ ಪ್ಲಾಸ್ಟಿಕ್ ಹಾಳೆ ಹಾಸಿ ಬೇರೆ ನಾಲ್ಕಿಂಚು ಹಾಕೋದು ವಾಸಿ.

ಪ್ರಶ್ನೆ: ನಮಸ್ಕಾರ್ರಿ, ನಾವು ಗದಗ ಕಡೀದವ್ರು. ಮನಿ ಮುಂದ ಟ್ರ್ಯಾಕ್ಟರ್ ನಿಲ್ಸಾಕ ಅಂತ ಆರ್ ಇಂಚ್ ಕಾಂಕ್ರೀಟ್ ಹಾಕ್ಸಿವಿ, ಕಂಬಿನೂ ಕಟ್ಸಿವಿ. ಎರಡು ಮಳಿಗಾಲ ಆಗಿಲ್ಲ, ನಡಕ ಉಬ್ಬಿ ಉದ್ದಕ ಸೀಳೇತ್ರಿ, ಬಿರುಕಿನ್ಯಾಗ ಬೆರಳು ಹೋಗತೈತಿ. ಕಂಬಿ ಕಡಿಮಿ ಬಿತ್ತೇನ್ರಿ?

ಉತ್ತರ: ಕಂಬಿ ತಪ್ಪಲ್ರಿ, ನಿಮ್ಮದು ಎರಿ ಮಣ್ಣು. ಮಳೆ ಬಂದ್ರೆ ಉಬ್ಬುತ್ತೆ, ಬೇಸಿಗೇಲಿ ಸೀಳಿ ಬಾಯಿ ಬಿಡುತ್ತೆ, ನೀವು ಹೊಲದಲ್ಲಿ ದಿನಾ ನೋಡೋದೇ. ಅದರ ಮೇಲೆ ಒಂದಡಿ ಕಾಂಕ್ರೀಟ್ ಹಾಕಿದ್ರೂ ಎತ್ತಿ ಬಿಸಾಕುತ್ತೆ. ಮಾಡ್ಬೇಕಾಗಿದ್ದು ಏನಂದ್ರೆ, ಒಂದೂವರೆ ಎರಡು ಅಡಿ ಎರಿ ಮಣ್ಣು ತೆಗೆಸಿ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸೋದು. ತುಂಬೋದು ಅಂದ್ರೆ ಟ್ರಾಲಿಯಿಂದ ಸುರಿದು ಮೇಲಿಂದ ಟ್ರ್ಯಾಕ್ಟರ್ ಓಡಿಸೋದಲ್ಲ, ಆರಾರು ಇಂಚು ಹಾಕಿ, ನೀರು ಚಿಮುಕಿಸಿ, ಒಂದೊಂದು ಪದರನೂ ಬೇರೆ ಬೇರೆ ದಮ್ಮಸು ಹೊಡೆಸೋದು. ಪ್ಲೇಟ್ ಕಂಪ್ಯಾಕ್ಟರ್ ಬಾಡಿಗೆಗೆ ಸಿಗುತ್ತೆ, ಒಂದು ದಿನದ ಬಾಡಿಗೆ ನಿಮ್ಮ ಕಂಬಿ ಖರ್ಚಿನ ಮುಂದೆ ಏನೂ ಅಲ್ಲ. ಸರಿಯಾಗಿ ಕೂತಿದ್ಯೋ ಇಲ್ವೋ ನೋಡೋಕೆ ಹಿಮ್ಮಡಿ ಊರಿ ಜೋರಾಗಿ ತಿರುಗಿ, ಗುರುತು ಬಿದ್ರೆ ಇನ್ನೂ ಹೊಡೀಬೇಕು.

ಇನ್ನೊಂದು, ಚಾವಣಿ ನೀರಿನ ಪೈಪು, ಬಚ್ಚಲ ನೀರು ಎಲ್ಲಾದ್ರೂ ಆ ಕಾಂಕ್ರೀಟ್ ಪಕ್ಕದಲ್ಲೇ ಬೀಳ್ತಿದ್ಯಾ ನೋಡ್ರಿ. ಎರಿ ಮಣ್ಣು ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಇದ್ರೆ ಕಾಟ ಜಾಸ್ತಿ. ಮತ್ತೆ ಕಾಂಕ್ರೀಟ್ ತಂದು ಮನೆ ಗೋಡೆಗೆ ಅಂಟಿಸ್ಬಾರ್ದು, ನಡುವೆ ಅರ್ಧ ಇಂಚು ಥರ್ಮೋಕೋಲ್ ಹಾಳೆ ನಿಲ್ಲಿಸಿ ಬಿಡ್ರಿ, ಅದು ಅದರ ಪಾಡಿಗೆ ಅಲ್ಲಾಡ್ಲಿ, ಮನೆ ಮನೆ ಪಾಡಿಗೆ ಇರ್ಲಿ. ಈಗಿರೋದನ್ನ ರಿಪೇರಿ ಮಾಡ್ತೀನಿ ಅನ್ನೋರ ಮಾತು ಕೇಳ್ಬೇಡ್ರಿ, ಸಿಮೆಂಟ್ ತುಂಬಿದ ಬಿರುಕು ಮುಂದಿನ ಮಳಿಗಾಲಕ್ಕೆ ಮತ್ತೆ ಬಾಯಿ ಬಿಡುತ್ತೆ.

ಪ್ರಶ್ನೆ: ಕಂಬಿ ಹಾಕಲೇಬೇಕಾ? ನಮ್ಮದು ಕುಂದಾಪುರ, ಸಮುದ್ರಕ್ಕೆ ಹತ್ರ. ಹಾಕಿದ್ರೆ ತುಕ್ಕು ಹಿಡೀತದೆ ಅಂತಾರೆ, ಹಾಕದಿದ್ರೆ ಒಡೀತದೆ ಅಂತಾರೆ. ಯಾರ ಮಾತು ಕೇಳೋದು ಮಾರಾಯ್ರೆ?

ಉತ್ತರ: ಇಬ್ಬರೂ ಅರ್ಧ ಸರಿ. ಕಂಬಿ ಬಿರುಕನ್ನ ತಡೆಯಲ್ಲ, ಬಂದ ಬಿರುಕು ಅಗಲ ಆಗದಂಗೆ ಹಿಡ್ಕೊಳ್ಳುತ್ತೆ ಅಷ್ಟೇ. ಜನ ಓಡಾಡೋ, ಬಟ್ಟೆ ಒಣಗಿಸೋ ಅಂಗಳ ಆದ್ರೆ, ಕೆಳಗೆ ಕೆಂಪುಕಲ್ಲಿನ ಗಟ್ಟಿ ನೆಲ ಇದ್ರೆ, ಹತ್ತಡಿಗೊಂದು ಸಂದು ಬಿಟ್ರೆ ಕಂಬಿ ಇಲ್ದೆ ಧಾರಾಳ ನಡೆಯುತ್ತೆ, ಆ ದುಡ್ಡಲ್ಲಿ ನೆಲ ಗಟ್ಟಿ ಮಾಡಿಸಿ. ಕಾರು ನಿಲ್ಲುತ್ತೆ ಅಂದ್ರೆ ಐದಿಂಚು ಹಾಕಿ, 8 ಎಂಎಂ ಕಂಬಿ ಎಂಟಿಂಚಿಗೊಂದು, ಎರಡೂ ಕಡೆಗೆ. ಆದ್ರೆ ಅದು ಎಲ್ಲಿ ಕೂರುತ್ತೆ ಅನ್ನೋದೇ ಪ್ರಶ್ನೆ. ನಮ್ಮ ಕಡೆ ಜಾಲರಿ ನೆಲದ ಮೇಲೆ ಹಾಸಿ, ಕಾಂಕ್ರೀಟ್ ಸುರಿಯುವಾಗ ಕೊಕ್ಕೇಲಿ ಎತ್ತಿಬಿಡ್ತೀವಿ ಅಂತಾರೆ. ಎತ್ತಿದವನೇ ಮುಂದಿನ ಹೆಜ್ಜೇಲಿ ಅದರ ಮೇಲೆ ಕಾಲಿಟ್ಟು ಮತ್ತೆ ಮಣ್ಣಿಗೆ ತುಳೀತಾನೆ, ನಾನು ನಿಂತು ನೋಡಿದೀನಿ. ಮಣ್ಣಿಗೆ ಅಂಟಿದ ಕಂಬಿ ಉಪ್ಪು ಗಾಳಿ ಊರಲ್ಲಿ ತುಕ್ಕು ಹಿಡಿದು ದಪ್ಪ ಆಗುತ್ತೆ, ಮೇಲಿನ ಕಾಂಕ್ರೀಟನ್ನೇ ಸಿಡಿಸುತ್ತೆ. ಎರಡೂವರೆ ಇಂಚಿನ ಕವರ್ ಬ್ಲಾಕ್ (ಕಂಬಿ ಎತ್ತರದಲ್ಲಿ ನಿಲ್ಲೋಕೆ ಕೆಳಗೆ ಇಡೋ ಸಣ್ಣ ಬಿಲ್ಲೆ) ಮೂರಡಿಗೊಂದು ಇಟ್ಟು ಅದರ ಮೇಲೆ ಜಾಲರಿ ಕೂರಿಸಿ, ಮೇಲೂ ಹತ್ರ ಹತ್ರ ಎರಡಿಂಚು ಕಾಂಕ್ರೀಟ್ ಇರಲಿ. ಕಡಲ ಮರಳು ಬೇಡವೇ ಬೇಡ, ಉಪ್ಪು ನೀರಿನ ಬಾವಿ ಆದ್ರೆ ಕಲಸೋಕೂ, ಕ್ಯೂರಿಂಗ್‌ಗೂ ಅದು ಬೇಡ. ಕುಡಿಯೋಕೆ ಆಗೋ ನೀರಾದ್ರೆ ಕಾಂಕ್ರೀಟ್‌ಗೂ ಆಗುತ್ತೆ.

ಪ್ರಶ್ನೆ: ಬೆಂಗಳೂರಲ್ಲಿ ಮನೆ ಪಕ್ಕದ 15ಕ್ಕೆ 20 ಅಡಿ ಖಾಲಿ ಜಾಗಕ್ಕೆ ಕಾರ್ ಪಾರ್ಕಿಂಗ್ ಮಾಡಿಸ್ತಿದೀವಿ. ರೆಡಿಮಿಕ್ಸ್ (ಪ್ಲಾಂಟಲ್ಲೇ ಕಲಸಿ ಲಾರೀಲಿ ಬರೋ ಕಾಂಕ್ರೀಟ್) ತರಿಸೋದಾ, ಸೈಟಲ್ಲೇ ಕಲಸೋದಾ?

ಉತ್ತರ: ಮೇಡಂ, ಒಂದು ದೊಡ್ಡ ಲಾರೀಲಿ ಸಾಮಾನ್ಯವಾಗಿ ಆರು ಕ್ಯೂಬಿಕ್ ಮೀಟರ್ ಬರುತ್ತೆ, ನಿಮ್ಮ 15ಕ್ಕೆ 20 ಅಡಿಗೆ ಐದಿಂಚು ಹಾಕಿದ್ರೂ ಮೂರೂವರೆ ಕ್ಯೂಬಿಕ್ ಮೀಟರ್. ಸಣ್ಣ ಲೋಡ್ ಕೊಡೋರು ಹತ್ರದಲ್ಲಿದ್ರೆ, ಲಾರಿ ಗಲ್ಲಿ ಒಳಗೆ ಬರೋ ಹಾಗಿದ್ರೆ ರೆಡಿಮಿಕ್ಸ್ ತರಿಸಿ, ತೂಕ ಮಾಡಿ ಹಾಕಿರ್ತಾರೆ, ಅಂದಾಜಿನ ಲೆಕ್ಕ ಇರಲ್ಲ. ಚಲನ್‌ನಲ್ಲಿ ಲೋಡ್ ಮಾಡಿದ ಟೈಮ್ ನೋಡಿ, ಎರಡು ಗಂಟೆ ಒಳಗೆ ಸುರಿದು ಮುಗೀಬೇಕು, ನಮ್ಮ ಟ್ರಾಫಿಕ್‌ನಲ್ಲಿ ಅದೇ ಕಷ್ಟ, ಹಾಗಾಗಿ ಬೆಳಗಿನ ಜಾವದ ಲೋಡ್ ಕೇಳಿ. ಲಾರಿ ಬಂದ ತಕ್ಷಣ ಕೆಲಸದವ್ರು ಡ್ರೈವರ್‌ಗೆ ‘ಅಣ್ಣ ಸ್ವಲ್ಪ ನೀರು ಬಿಡು, ಎಳೆಯೋಕಾಗ್ತಿಲ್ಲ’ ಅಂತಾರೆ. ಅಲ್ಲಿಗೆ ನೀವು ದುಡ್ಡು ಕೊಟ್ಟ ಗ್ರೇಡ್ ಮುಗೀತು. ಎಳೆಯೋಕೆ ಸುಲಭ ಆಗ್ಬೇಕು ಅಂದ್ರೆ ಆರ್ಡರ್ ಮಾಡುವಾಗಲೇ ಹೇಳಿ, ಪ್ಲಾಸ್ಟಿಸೈಜರ್ (ನೀರು ಸೇರಿಸದೇ ಸಡಿಲ ಮಾಡೋ ರಾಸಾಯನಿಕ) ಹಾಕಿ ಕೊಡ್ತಾರೆ.

ಪ್ರಶ್ನೆ: ಕಲಬುರಗಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಹಾಕಿಸಿದ್ದು, ಸಂಜೆ ಹೊತ್ತಿಗೇ ಬಿರುಕು ಬಂತು. ಸಿಮೆಂಟ್ ಡೂಪ್ಲಿಕೇಟಾ?

ಉತ್ತರ: ಡೂಪ್ಲಿಕೇಟ್ ಅಲ್ಲ, ಬಿಸಿಲು ಒರಿಜಿನಲ್. ಮೇಲಿನ ನೀರು ಕೆಳಗಿಂದ ಬರೋದಕ್ಕಿಂತ ಬೇಗ ಬಿಸಿಗಾಳಿಗೆ ಆರಿಹೋದ್ರೆ ಕಾಂಕ್ರೀಟ್ ಗಟ್ಟಿ ಆಗೋ ಮುಂಚೇನೇ ಸೀಳುತ್ತೆ. ಸಾಯಂಕಾಲ ಐದರ ಮೇಲೆ ಶುರು ಮಾಡಿ, ಲೈಟ್ ಹಾಕ್ಕೊಂಡು ಮುಗಿಸಿ. ಜಲ್ಲಿ ರಾಶಿ ಮೇಲೆ ಮುಂಚೆನೇ ನೀರು ಹೊಡೆದು ತಣ್ಣಗೆ ಮಾಡಿ, ನೆಲನೂ ನೆನೆಸಿ, ಆದ್ರೆ ನೀರು ನಿಂತಿರಬಾರದು. ಮಟ್ಟ ಮಾಡಿದ ಕೂಡ್ಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ತಿಕ್ಕೋ ಹೊತ್ತಿಗೆ ಅಷ್ಟಷ್ಟೇ ತೆಗೀರಿ. ಸೀಳು ಬಂದಾಗ ಕಾಂಕ್ರೀಟ್ ಇನ್ನೂ ಮೆತ್ತಗಿದ್ರೆ ಹಲಗೇಲಿ ಒತ್ತಿ ತಿಕ್ಕಿದ್ರೆ ಮುಚ್ಚುತ್ತೆ, ಮೇಲಿಂದ ಮೇಲೆ ಸಿಮೆಂಟ್ ನೀರು ಬಳಿದ್ರೆ ಮಾತ್ರ ಮುಚ್ಚಲ್ಲ.

ಪ್ರಶ್ನೆ: ಪುತ್ತೂರಿನಿಂದ. ಮಳೆಗಾಲದಲ್ಲಿ ಅಂಗಳ ಪಾಚಿ ಹಿಡಿದು ಅತ್ತೆಯವರು ಎರಡು ಸಲ ಜಾರಿಬಿದ್ದರು. ಆಸಿಡ್ ಹಾಕಬಹುದೇ?

ಉತ್ತರ: ಬೇಡ ಮೇಡಂ, ಆಸಿಡ್ ಪಾಚಿ ಜೊತೆ ಸಿಮೆಂಟನ್ನೂ ತಿನ್ನುತ್ತೆ, ಮೇಲ್ಮೈ ಇನ್ನೂ ತೂತಾಗಿ ಮುಂದಿನ ವರ್ಷ ಪಾಚಿ ಡಬಲ್. ಬ್ಲೀಚಿಂಗ್ ಪೌಡರ್ ನೀರಲ್ಲಿ ಕದಡಿ ಹಾಕಿ, ಅರ್ಧ ಗಂಟೆ ಬಿಟ್ಟು ಹಿಡಿಸೂಡೀಲಿ ಉಜ್ಜಿ ತೊಳೀರಿ, ಆ ನೀರು ಬಾವಿಗೂ ಗಿಡದ ಬುಡಕ್ಕೂ ಹೋಗದಂಗೆ ನೋಡ್ಕೊಳ್ಳಿ, ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸ್ಬೇಡಿ, ವಿಷದ ಗಾಳಿ ಏಳುತ್ತೆ. ಹೊಸದಾಗಿ ಹಾಕೋದಾದ್ರೆ ಕೊನೇ ಸಲ ತಿಕ್ಕಿ ಸ್ವಲ್ಪ ಬಿಗಿಯಾದ ಮೇಲೆ ಅದೇ ಹಿಡಿಸೂಡಿನ ಮೆಲ್ಲಗೆ ಎಳೀರಿ, ಗೆರೆಗಳು ನೀರು ಹರಿಯೋ ದಿಕ್ಕಿಗೆ ಇರಲಿ, ಕಾಲಿಗೆ ಹಿಡಿತ ಸಿಗುತ್ತೆ.

ಪ್ರಶ್ನೆ: ನಿನ್ನೆ ಸಂಜೆ ಕಾಂಕ್ರೀಟ್ ಹಾಕಿ ಮಲಗಿದ್ವಿ, ರಾತ್ರಿ ಕರು ಹಗ್ಗ ಬಿಚ್ಕೊಂಡು ಅದರ ಮೇಲೆ ಓಡಾಡಿದೆ. ಹದಿನೇಳು ಗೊರಸಿನ ಗುರುತು, ನಮ್ಮ ಹುಡುಗ ಎಣಿಸಿದಾನೆ. ಸಿಮೆಂಟ್ ತುಂಬಿ ಸರಿ ಮಾಡ್ಲಾ? ಟ್ರ್ಯಾಕ್ಟರ್ ಯಾವಾಗ ಹತ್ತಿಸ್ಬಹುದು?

ಉತ್ತರ: ರಾತ್ರಿನೇ ನೋಡಿದ್ರೆ ತಿಕ್ಕಿ ಸರಿ ಮಾಡಬಹುದಿತ್ತು, ಈಗ ಈ ಪತ್ರಿಕೆ ನಿಮ್ಮ ಕೈ ಸೇರೋ ಹೊತ್ತಿಗೆ ಅದು ಕಲ್ಲಾಗಿರುತ್ತೆ. ಅರ್ಧ ಇಂಚಿನ ತೇಪೆ ಹಾಕಿದ್ರೆ ಒಂದು ವರ್ಷಕ್ಕೆ ಚಕ್ಕೆ ಎದ್ದು ಬರುತ್ತೆ, ಆಗ ಗೊರಸಿಗಿಂತ ಅಸಹ್ಯ ಕಾಣುತ್ತೆ, ಹಾಗೇ ಬಿಟ್ಬಿಡಿ. ನಡೆದಾಡೋಕೆ ಒಂದೆರಡು ದಿನ ಸಾಕು, ಕಾರಿಗೆ ಹತ್ತು ಹದಿನಾಲ್ಕು ದಿನ, ಲೋಡ್ ಟ್ರ್ಯಾಕ್ಟರ್‌ಗೆ 28 ದಿನ ಕಾಯಿರಿ. ಅಲ್ಲಿ ತನಕ ಕರುನ ಹಿತ್ತಲಲ್ಲಿ ಕಟ್ಟಿ, ಗಂಟು ಬಿಗಿಯಾಗಿರಲಿ.